ನಗರದ ಕಾಲೇಜೋ, ಹಾಸ್ಟೆಲ್ಲಿರುವ ಕ್ಯಾಂಪಸ್ಸೋ?

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನನ್ನ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ತಪ್ಪದೆ ಕೇಳುವ ಪ್ರಶ್ನೆಯಿದು: "ಮೇಡಂ, ಎಂ.ಎ., ಎಂ.ಎಸ್ಸಿ.ಗೆ ಬೆಂಗಳೂರಿನ ಕಾಲೇಜು ಒಳ್ಳೆಯದೋ, ಮೈಸೂರು, ಧಾರವಾಡದ ಕಡೆ ಹಾಸ್ಟೆಲ್ಲಿನಲ್ಲಿದ್ದು ಓದುವುದು ಒಳ್ಳೆಯದೋ?" ಫೀಸನ್ನೂ ಸೀಟು ಸಿಗುವ ಸಾಧ್ಯತೆಯನ್ನೂ ಅವರು ಆಗಲೇ ಲೆಕ್ಕ ಹಾಕಿರುತ್ತಾರೆ. ತರಗತಿ ಮುಗಿದ ಮೇಲಿನ ಸಂಜೆ ವಿದ್ಯಾರ್ಥಿಯ ಪಾಲಿಗೆ ಉಳಿಯುತ್ತದೆಯೇ ಎಂಬುದನ್ನು ಮಾತ್ರ ಯಾರೂ ವಿಚಾರಿಸಿರುವುದಿಲ್ಲ. ನನ್ನ ಉತ್ತರ ನಿಂತಿರುವುದು ಅದರ ಮೇಲೆಯೇ.

ಕುವೆಂಪು ಅವರು ಕುಲಪತಿಗಳಾಗಿದ್ದ ಕಾಲದಲ್ಲಿ, 1960ರಲ್ಲಿ, ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ರೂಪುಗೊಂಡ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ, ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಕರ್ನಾಟಕ ವಿಶ್ವವಿದ್ಯಾಲಯ, ಮಂಗಳೂರಿನಾಚೆಯ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇವೆಲ್ಲವುಗಳಲ್ಲಿ ವಿಭಾಗ, ಗ್ರಂಥಾಲಯ, ಹಾಸ್ಟೆಲ್ಲುಗಳು ಒಂದೇ ಆವರಣದಲ್ಲಿರುವುದರಿಂದ ದಿನದ ಓದು ಗಂಟೆ ಹೊಡೆದ ಕೂಡಲೇ ನಿಲ್ಲುವುದಿಲ್ಲ. ರಾತ್ರಿ ಮೆಸ್ಸಿನಲ್ಲಿ ಊಟ ಮುಗಿಸಿ ಕೈ ತೊಳೆದು ಬಂದ ಹುಡುಗಿಯೊಬ್ಬಳು ಬೆಳಗ್ಗೆ ಅರ್ಥವಾಗದ ಲೆಕ್ಕವನ್ನು, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಓದುತ್ತಿರುವ ಸೀನಿಯರ್ ಅಕ್ಕನ ಮುಂದೆ ಇಡುತ್ತಾಳೆ; ಅಕ್ಕ ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನ ಮೇಲೆ ಅದನ್ನು ಹಂತ ಹಂತವಾಗಿ ಬಿಡಿಸಿ ತೋರಿಸುತ್ತಾಳೆ. ಅದೇ ಮೇಜಿನಲ್ಲಿ ಬೀದರಿನವಳೂ ಚಾಮರಾಜನಗರದವಳೂ ತಂತಮ್ಮ ಕನ್ನಡದಲ್ಲಿ ವಾದಿಸುತ್ತಿರುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಪಡೆದ ಮಕ್ಕಳಿಗೆ ಯಾವ ಪರೀಕ್ಷೆ ಬರೆಯಬೇಕು, ಯಾವ ಫೆಲೋಶಿಪ್ಪಿಗೆ ಅರ್ಜಿ ಹಾಕಬೇಕು ಎಂದು ತಿಳಿಯುವುದು ಬಹುಮಟ್ಟಿಗೆ ಇಂತಹ ಮೇಜುಗಳಲ್ಲಿಯೇ.

ಬೆಂಗಳೂರು ಕೊಡುವುದು ಬೇರೆಯದನ್ನು. 1858ರಲ್ಲಿ ಶಾಲೆಯಾಗಿ ಆರಂಭವಾದ ಸೆಂಟ್ರಲ್ ಕಾಲೇಜಿನ ಆವರಣದಿಂದ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯಕ್ಕಾಗಲಿ, ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಗಾಗಲಿ, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕಾಗಲಿ ಹೆಚ್ಚು ದೂರವಿಲ್ಲ. ಇತಿಹಾಸ, ಕಾನೂನು, ಪತ್ರಿಕೋದ್ಯಮ ಓದುವವರಿಗೆ ಇದು ಸಣ್ಣ ಸಂಗತಿಯಲ್ಲ. ಓದುತ್ತಲೇ ದುಡಿಯಬೇಕಾದವರಿಗೂ ನಗರವೇ ಆಸರೆ.

ಆದರೆ ನೆಲಮಂಗಲದ ಆಚೆಯ ಹಳ್ಳಿಯಿಂದ ನಸುಕಿನ ಬಸ್ಸು ಹಿಡಿದು, ನಿಂತೇ ನೋಟ್ಸ್ ಓದುತ್ತಾ ಬಂದು, ಪ್ರಾಕ್ಟಿಕಲ್ ಮುಗಿದೊಡನೆ ಮೆಜೆಸ್ಟಿಕ್ಕಿಗೆ ಓಡುವ ಹುಡುಗಿಗೆ ಆ ಗ್ರಂಥಾಲಯ ಹತ್ತಿರವಿದ್ದರೂ ಕೈಗೆಟುಕುವುದಿಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಅವಳ ಟಿಕೆಟ್ಟಿನ ಹೊರೆಯನ್ನು ಇಳಿಸಿತು, ಅದು ದೊಡ್ಡ ಉಪಕಾರ. ದಾರಿಯಲ್ಲಿ ಕಳೆಯುವ ಹೊತ್ತನ್ನು ಮಾತ್ರ ಅದು ಹಿಂದಿರುಗಿಸಲಾರದು.

ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಿಷಯವನ್ನೂ ಬಿಚ್ಚಿ ಹೇಳಬೇಕು. ಗ್ರಂಥಾಲಯ ರಾತ್ರಿಯವರೆಗೆ ತೆರೆದಿದ್ದು, ಹುಡುಗಿಯರ ಹಾಸ್ಟೆಲ್ಲಿನ ಗೇಟು ಸಂಜೆಯೇ ಮುಚ್ಚುವುದಾದರೆ, ಹುಡುಗರಿಗೆ ಸಿಕ್ಕ ಕ್ಯಾಂಪಸ್ಸು ಅವರಿಗೆ ಸಿಕ್ಕಂತಾಗುವುದಿಲ್ಲ. ಸುರಕ್ಷತೆಯ ಹೆಸರಿನಲ್ಲಿ ವಿದ್ಯಾರ್ಥಿನಿಯರ ಮೇಲೆ ಮಾತ್ರ ಇಂತಹ ನಿರ್ಬಂಧ ಹೇರಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 'ಸಕ್ಷಮ್' ವರದಿ 2013ರಲ್ಲಿಯೇ ಹೇಳಿತ್ತು. ಹಾಸ್ಟೆಲ್ ಎಂದರೆ ಭದ್ರತೆ ಎಂದಷ್ಟೇ ಯೋಚಿಸುವ ತಂದೆತಾಯಿಯರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮಗಳನ್ನು ಅಷ್ಟು ದೂರ ಕಳುಹಿಸುವುದು ಬೀಗದ ಹಿಂದೆ ಕೂರಿಸುವುದಕ್ಕಲ್ಲ.

ಆದ್ದರಿಂದ, ಹಳ್ಳಿಯಿಂದ ಬಂದು ವಿಜ್ಞಾನವನ್ನೋ ಸಾಹಿತ್ಯವನ್ನೋ ಆಳವಾಗಿ ಓದಬಯಸುವವರಿಗೆ ಹಾಸ್ಟೆಲ್ಲಿರುವ ಕ್ಯಾಂಪಸ್ಸನ್ನೇ ಸೂಚಿಸುತ್ತೇನೆ. ಕಾಲೇಜಿನ ಸಮೀಪದಲ್ಲಿಯೇ ಪೇಯಿಂಗ್ ಗೆಸ್ಟ್ ವಸತಿಯೋ ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲ್ಲೋ ಸಿಗುವುದಾದರೆ ಬೆಂಗಳೂರಿಗೂ ಹೂಂ ಎನ್ನುತ್ತೇನೆ. ಎಲ್ಲಿಗೇ ಆಗಲಿ, ಅರ್ಜಿ ಹಾಕುವ ಮೊದಲು ಒಂದು ಸಂಜೆ ಅಲ್ಲಿಗೆ ಹೋಗಿ ಗ್ರಂಥಾಲಯದ ಬಾಗಿಲು ಯಾವಾಗ ಮುಚ್ಚುತ್ತದೆ, ಹಾಸ್ಟೆಲ್ಲಿನ ಗೇಟು ಯಾವಾಗ ಮುಚ್ಚುತ್ತದೆ ಎಂದು ಅಲ್ಲಿ ಓದುತ್ತಿರುವವರನ್ನೇ ಕೇಳಿಕೊಂಡು ಬನ್ನಿ.