ಫ್ರೀಬಿಎಸ್‌ಡಿ ಕರೆಂಟ್ ನಿಧಾನವೇ? ಮೊದಲು ಕರ್ನಲ್ ನೋಡಿ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂನ ಕರೆಂಟ್ ಶಾಖೆಯನ್ನು (ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿ) ಲಿನಕ್ಸ್‌ನ ಸಿದ್ಧ ಬಿಡುಗಡೆಯ ಪಕ್ಕದಲ್ಲಿಟ್ಟು ವೇಗ ಅಳೆಯುವುದು ಅನ್ಯಾಯ. ಕರ್ನಲ್ ಎಂದರೆ ಸಿಸ್ಟಂನ ತಿರುಳು; ಕರೆಂಟ್‌ನ ಜೊತೆಗೇ ಬರುವ ಜೆನೆರಿಕ್ ಕರ್ನಲ್‌ನಲ್ಲಿ ವಿಟ್ನೆಸ್, ಇನ್ವೇರಿಯಂಟ್ಸ್ ಎಂಬ ತಪಾಸಣೆಗಳು ಎರಡೂ ಚಾಲೂ ಇರುತ್ತವೆ. ವಿಟ್ನೆಸ್ ಕರ್ನಲ್ ತನ್ನ ಲಾಕ್‌ಗಳನ್ನು (ಒಂದೇ ದತ್ತಾಂಶಕ್ಕೆ ಹಲವರು ಒಮ್ಮೆಗೇ ಕೈ ಹಾಕದಂತೆ ಹಾಕುವ ಬೀಗ) ಹಿಡಿದಾಗ ಅವುಗಳ ಕ್ರಮ ಪರೀಕ್ಷಿಸುತ್ತದೆ. ಇನ್ವೇರಿಯಂಟ್ಸ್ ಕರ್ನಲ್ ಬಿಟ್ಟುಕೊಟ್ಟ ಮೆಮೊರಿಗೆ ಗುರುತಿನ ಮೌಲ್ಯ ತುಂಬಿ, ಮತ್ತೆ ಕೊಡುವಾಗ ಅದು ಕೆಟ್ಟಿದೆಯೇ ಎಂದು ನೋಡುತ್ತದೆ. ದೋಷ ಹಿಡಿಯಲು ಇವು ಅಮೂಲ್ಯ, ಆದರೆ ಸಮಯ ತಿನ್ನುತ್ತವೆ.

ಹೊಡೆತ ಎಲ್ಲ ಕಡೆ ಒಂದೇ ಅಲ್ಲ. ಬರೀ ಲೆಕ್ಕ ಮಾಡುವ ಪ್ರೋಗ್ರಾಂಗೆ ವ್ಯತ್ಯಾಸ ಅಷ್ಟಾಗಿ ತಟ್ಟದು. ಸಾವಿರಾರು ಸಣ್ಣ ಫೈಲು, ಫೋರ್ಕ್ (ಹೊಸ ಪ್ರೊಸೆಸ್ ಹುಟ್ಟಿಸುವುದು), ನೆಟ್‌ವರ್ಕ್ ಪ್ಯಾಕೆಟ್ಟುಗಳ ಪರೀಕ್ಷೆಯಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ಸರಾಸರಿ ಅಂಕವೊಂದನ್ನೇ ನಂಬಬೇಡಿ.

ಅಳೆಯುವ ಮುನ್ನ 'ಯುನೇಮ್' ಆಜ್ಞೆಗೆ 'ಐ' ಆಯ್ಕೆ ಕೊಟ್ಟು ಕರ್ನಲ್ ಹೆಸರು ನೋಡಿ. ಜೆನೆರಿಕ್ ಎಂದಿದ್ದರೆ, ಯಾವ ಕರ್ನಲ್ ಕಟ್ಟಬೇಕೆಂದು ಹೇಳುವ ಕರ್ನ್‌ಕಾನ್ಫ್‌ಗೆ ಜೆನೆರಿಕ್-ನೋಡಿಬಗ್ (ಈ ತಪಾಸಣೆಗಳಿಲ್ಲದ ಜೆನೆರಿಕ್) ಎಂದು ಕೊಟ್ಟು ಕರ್ನಲ್ ಕಟ್ಟಿ, ಸ್ಥಾಪಿಸಿ, ರೀಬೂಟ್ ಮಾಡಿ. ಇಷ್ಟಕ್ಕೇ ನಿಲ್ಲಬೇಡಿ: ಯೂಸರ್‌ಲ್ಯಾಂಡ್‌ನ (ಕರ್ನಲ್ ಹೊರಗಿನ ಭಾಗ) ಮ್ಯಾಲಾಕ್‌ನಲ್ಲೂ, ಅಂದರೆ ಪ್ರೋಗ್ರಾಂಗಳಿಗೆ ಮೆಮೊರಿ ಹಂಚುವ ಕೋಡ್‌ನಲ್ಲೂ, ತಪಾಸಣೆ ಇದೆ. ಎಸ್‌ಆರ್‌ಸಿ.ಕಾನ್ಫ್ ಎಂಬ ಸಂರಚನಾ ಫೈಲಿನಲ್ಲಿ ಮ್ಯಾಲಾಕ್ ಪ್ರೊಡಕ್ಷನ್ ಆಯ್ಕೆ ಸೇರಿಸಿ ವರ್ಲ್ಡ್ (ಇಡೀ ಯೂಸರ್‌ಲ್ಯಾಂಡ್) ಮತ್ತೆ ಕಟ್ಟಿ ಸ್ಥಾಪಿಸಬೇಕು. ಹೆಚ್ಚಿನವರು ಮರೆಯುವುದು ಇದನ್ನೇ. ಫಲಿತಾಂಶದ ಜೊತೆ ಕರ್ನಲ್ ಹೆಸರನ್ನೂ ಬರೆಯಿರಿ.