ಲಿಂಕ್ ಹೋಯ್ತು ಅಂದ್ರೆ ಲೇಖನಾನೂ ಹೋದಂಗೆ

ಥೀಸಿಸ್ ಸಬ್ಮಿಟ್ ಮಾಡೋಕೆ ಹತ್ತು ದಿನ ಇದೆ ಅನ್ನೋವಾಗ ರೆಫರೆನ್ಸ್ ಲಿಸ್ಟಲ್ಲಿರೋ ಲಿಂಕುಗಳನ್ನ ಒಂದೊಂದೇ ಒತ್ತಿ ನೋಡ್ತಾ ಕೂತೆ. ಹದಿನೇಳು ತೆಗೀಲೇ ಇಲ್ಲ, ಅದ್ರಲ್ಲಿ ಹನ್ನೆರಡು ಕನ್ನಡ ಲೇಖನಗಳು. ಒಂದು ಪತ್ರಿಕೆಯವ್ರು ವೆಬ್‌ಸೈಟ್ ಹೊಸದು ಮಾಡಿಸಿದಾರೆ, ಹಳೇ ಸಂಚಿಕೆಗಳು ಅಲ್ಲೇ ಎಲ್ಲೋ ಇವೆ, ಆದ್ರೆ ನಾನು ಬರ್ಕೊಂಡಿದ್ದ ವಿಳಾಸಕ್ಕೆ ಹೋದ್ರೆ 404. ಎಷ್ಟು ಹೊಟ್ಟೆ ಉರೀತು ಅಂದ್ರೆ, ಅದೇ ಲೇಖನದ ಮೇಲೆ ನನ್ನ ಮೂರನೇ ಅಧ್ಯಾಯ ನಿಂತಿರೋದು.

ಡಿಒಐ, ಅಂದ್ರೆ ಲೇಖನಕ್ಕೆ ಅಂತ ಕೊಡೋ ಕಾಯಂ ಗುರುತಿನ ನಂಬರ್, ಇದ್ದವು ಮಾತ್ರ ಎಲ್ಲಾ ತೆಗೆದ್ವು, ಪ್ರಕಾಶಕರೇ ಬದಲಾಗಿರೋ ಒಂದು ಹಳೇ ಪೇಪರ್ ಕೂಡ. ಮೊಬೈಲ್ ನಂಬರ್ ಪೋರ್ಟ್ ಮಾಡಿಸ್ತೀವಲ್ಲ, ಕಂಪನಿ ಬೇರೆ ಆದ್ರೂ ನಂಬರ್ ಅದೇ ಇರುತ್ತೆ, ಹಂಗೇ ಇದು. 10 ಅಂತ ಶುರುವಾಗೋ ಆ ನಂಬರ್ ಯಾವತ್ತೂ ಬದಲಾಗಲ್ಲ, ಲೇಖನ ಜಾಗ ಬದಲಿಸಿದಾಗ ಪ್ರಕಾಶಕರು ಹೊಸ ವಿಳಾಸವನ್ನ 2000ದಲ್ಲಿ ಶುರುವಾದ ಕ್ರಾಸ್‌ರೆಫ್ ಥರದ ಡಿಒಐ ನೋಂದಣಿ ಸಂಸ್ಥೆಗೆ ಕೊಡಬೇಕು, ನಾವು ಒತ್ತಿದಾಗ ಅದು ಹೊಸ ಜಾಗಕ್ಕೆ ಕರ್ಕೊಂಡು ಹೋಗುತ್ತೆ. ಅವ್ರು ಕೊಡದೇ ಹೋದ್ರೆ ಡಿಒಐ ಇದ್ರೂ ದಾರಿ ತಪ್ಪುತ್ತೆ, ಅದೇನೂ ಮಂತ್ರ ಅಲ್ಲ.

ಒಂದು ಡಿಒಐ ಮಾತ್ರ ಮೊದಲು ಸಿಗಲ್ಲ ಅಂತ ಬಂದಿತ್ತು. ಅರ್ಧ ಗಂಟೆ ಒದ್ದಾಡಿದ್ ಮೇಲೆ ಗೊತ್ತಾಯ್ತು, ವಾಕ್ಯದ ಕೊನೇ ಫುಲ್‌ಸ್ಟಾಪೂ ಕಾಪಿ ಆಗಿ ನಂಬರಿಗೆ ಅಂಟ್ಕೊಂಡಿತ್ತು! ಪಿಡಿಎಫ್‌ನಿಂದ ತಗೊಳ್ಳೋವಾಗ ಸಾಲು ಮುರಿದು ಮಧ್ಯೆ ಸ್ಪೇಸ್ ಸೇರ್ಕೊಳ್ಳೋದೂ ಇದೆ, ನೋಡ್ಕೊಳ್ಳಿ.

ನಮ್ಮ ಥೀಸಿಸ್‌ಗಳ ವಿಷ್ಯದಲ್ಲಿ ನನಗೆ ಸಮಾಧಾನ ಇದೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಅನ್ನೋ ಸಂಸ್ಥೆ ನಡೆಸೋ ಥೀಸಿಸ್‌ಗಳ ಆನ್‌ಲೈನ್ ಭಂಡಾರ ಶೋಧಗಂಗಾಕ್ಕೆ ಹೋದ ಪ್ರತಿ ಥೀಸಿಸ್‌ಗೂ 10603 ಅಂತ ಶುರುವಾಗೋ ಹ್ಯಾಂಡಲ್ ಅನ್ನೋ ಕಾಯಂ ನಂಬರ್ ಸಿಗುತ್ತೆ, ಡಿಒಐ ನಡೆಯೋದೂ ಅದೇ ಹ್ಯಾಂಡಲ್ ವ್ಯವಸ್ಥೆ ಮೇಲೆ. ಬ್ರೌಸರ್ ಮೇಲಿರೋ ಉದ್ದದ ವಿಳಾಸ ಬಿಟ್ಟು ಪುಟದೊಳಗೆ ಕೊಟ್ಟಿರೋ ಆ ಹ್ಯಾಂಡಲನ್ನೇ ಬರೀರಿ.

ಆದ್ರೆ ಕನ್ನಡದ ಸಣ್ಣ ಪತ್ರಿಕೆಗಳು? ಡಿಒಐಗೆ ಸದಸ್ಯತ್ವದ ದುಡ್ಡು ಬೇಕು, ಅವ್ರಿಗೆ ಪ್ರಿಂಟಿಂಗ್ ಖರ್ಚೇ ಹುಟ್ಟಲ್ಲ, ಅವ್ರನ್ನ ಬೈಯೋಕೆ ಮನಸ್ಸು ಬರಲ್ಲ. ಯುರೋಪಿನ ಸಂಶೋಧನಾ ಕೇಂದ್ರ ಸರ್ನ್‌ನವ್ರ ಝೆನೋಡೋ ಅನ್ನೋ ಆನ್‌ಲೈನ್ ಭಂಡಾರದಲ್ಲಿ ಲೇಖನ ಹಾಕಿದ್ರೆ ಡಿಒಐ ಫ್ರೀಯಾಗೇ ಸಿಗುತ್ತೆ, ಹಕ್ಕು ನಿಮ್ಮದೇ ಆಗಿದ್ರೆ ದಯವಿಟ್ಟು ಹಾಕಿ. ನನ್ನ ಎರಡು ಲೇಖನ ನಿನ್ನೆ ರಾತ್ರಿನೇ ಹಾಕ್ದೆ.

ಹದಿನೇಳರಲ್ಲಿ ಹದಿಮೂರು ಹುಡುಕಿ ಸಿಕ್ಕಿದ್ವು. ಉಳಿದ ನಾಲ್ಕಕ್ಕೆ ಸೋಮವಾರ ಲೈಬ್ರರಿಗೆ ಹೋಗಿ ಬೈಂಡ್ ಮಾಡಿಟ್ಟಿರೋ ಹಳೇ ಸಂಚಿಕೆಗಳನ್ನ ತೆಗೆಸ್ಬೇಕು.