ತಗಡಿನ ಮೇಲಿನ ಮಳೆಯನ್ನು ಇಂಚಿನಲ್ಲಿ ಓದುವ ಪ್ರಯತ್ನ

ಜೂನ್ 13

ಕೊಡಗಿನ ಮಾದಾಪುರದ ಸಮೀಪವಿರುವ ನಮ್ಮ ಮನೆಯಲ್ಲಿ ಮಳೆಯ ಲೆಕ್ಕವನ್ನು ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿಯೇ ಬರೆಯಲಾಗುತ್ತದೆ. ನೂರು ಸೆಂಟು ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅಜ್ಜ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ರಟ್ಟಿನ ಪುಸ್ತಕದಲ್ಲಿ ದಾಖಲಿಸುತ್ತಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಎಷ್ಟು ಬಿತ್ತು, ಗೊಬ್ಬರವನ್ನು ಯಾವಾಗ ಹಾಕಬೇಕು ಎಂಬ ತೀರ್ಮಾನಗಳೆಲ್ಲ ಆ ಪುಸ್ತಕವನ್ನು ನೋಡಿಯೇ ಆಗುತ್ತವೆ. ಆದರೆ ಮಾಪಕ ಹೇಳುವುದು ಒಟ್ಟು ಮೊತ್ತವನ್ನು ಮಾತ್ರ. ಇಡೀ ದಿನ ಜಿಟಿಜಿಟಿಯಾಗಿ ಸುರಿದ ಎರಡು ಇಂಚಿಗೂ, ಮಣ್ಣನ್ನು ಕೊಚ್ಚಿಕೊಂಡು ಹೋಗುವಂತೆ ಒಂದೇ ಗಂಟೆಯಲ್ಲಿ ಸುರಿದ ಎರಡು ಇಂಚಿಗೂ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ.

ಕಾಲೇಜಿನ ಐದನೇ ಸೆಮಿಸ್ಟರಿನ ಸಿಗ್ನಲ್ ಪ್ರೊಸೆಸಿಂಗ್ (ಸದ್ದಿನಂತಹ ಸಂಕೇತಗಳನ್ನು ಗಣಿತದಿಂದ ವಿಶ್ಲೇಷಿಸುವ) ವಿಷಯಕ್ಕೆ ಕಿರುಯೋಜನೆಯೊಂದನ್ನು ಮಾಡಬೇಕೆಂದು ಹೇಳಿದಾಗ ನನಗೆ ಹೊಳೆದದ್ದು ಇದು: ಸೌದೆ ಕೊಟ್ಟಿಗೆಯ ತಗಡಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಧ್ವನಿಮುದ್ರಿಸಿ, ಅದರಿಂದ ನಿಮಿಷ ನಿಮಿಷದ ಮಳೆಯ ತೀವ್ರತೆಯನ್ನು ಲೆಕ್ಕ ಹಾಕಿ, ಮರುದಿನ ಬೆಳಿಗ್ಗೆ ಅಜ್ಜನ ಅಂಕಿಯೊಂದಿಗೆ ಹೋಲಿಸುವುದು.

ಮೊದಲ ದಿನದ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಮಾಡಿದೆ; ಅದು ಉಪಯೋಗಕ್ಕೆ ಬರಲಿಲ್ಲ. ಸದ್ದು ಹೆಚ್ಚಾದಾಗ ಮೊಬೈಲು ತಾನಾಗಿಯೇ ಮೈಕಿನ ಗೇನ್ (ಸದ್ದನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸುತ್ತದೆ, ಸದ್ದು ಕಡಿಮೆಯಾದಾಗ ಏರಿಸುತ್ತದೆ. ಮಾತು ಕೇಳಿಸಲು ಇದು ಅನುಕೂಲವಾದರೂ, ಜಡಿಮಳೆಯನ್ನೂ ತುಂತುರನ್ನೂ ಒಂದೇ ಮಟ್ಟಕ್ಕೆ ತರುವ ಈ ಏರ್ಪಾಟು ಅಳತೆಗೆ ಒಗ್ಗುವುದಿಲ್ಲ. ಆದ್ದರಿಂದ ಗೇನ್ ಬದಲಾಗದ ಡಿಜಿಟಲ್ ಮೈಕೊಂದನ್ನು ಇಎಸ್‌ಪಿ 32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ, ತಗಡಿನ ಕೆಳಗೆ ಅರ್ಧ ಅಡಿ ಅಂತರದಲ್ಲಿ ತೂಗುಹಾಕಿದ್ದೇನೆ.

ಜೂನ್ 25

ಆರಿದ್ರಾ ಮಳೆ ಹಿಡಿದಿದೆ. ಈ ವಾರ ಇಲ್ಲದ ಸದ್ದೊಂದರ ಹಿಂದೆ ಬಿದ್ದು ನಾಲ್ಕು ದಿನ ಕಳೆದವು.

ಸೆಕೆಂಡಿಗೆ 48,000 ಸ್ಯಾಂಪಲ್‌ಗಳಂತೆ (ಒಂದೊಂದು ಕ್ಷಣದ ಸದ್ದಿನ ಒಂದೊಂದು ಅಳತೆ) ಮುದ್ರಿಸಿದ ಕಡತಗಳು ಬಹಳ ದೊಡ್ಡದಾಗುತ್ತಿದ್ದವು. ಮಳೆಯ ಸದ್ದಿನಲ್ಲಿ ನನಗೆ ಬೇಕಾದ ಭಾಗ 4 ಕಿಲೋಹರ್ಟ್ಸ್‌ನೊಳಗೇ ಇದ್ದುದರಿಂದ, ಪ್ರತಿ ಮೂರರಲ್ಲಿ ಒಂದು ಸ್ಯಾಂಪಲನ್ನು ಮಾತ್ರ ಇಟ್ಟುಕೊಂಡು 16,000ಕ್ಕೆ ಇಳಿಸಿದೆ. ಆಗ ಸಂಜೆಯ ಸ್ಪೆಕ್ಟ್ರಮ್‌ಗಳಲ್ಲಿ, ಅಂದರೆ ಯಾವ ಆವರ್ತನದಲ್ಲಿ ಸದ್ದಿನ ಶಕ್ತಿ ಎಷ್ಟಿದೆ ಎಂದು ತೋರಿಸುವ ಚಿತ್ರಗಳಲ್ಲಿ, 5 ಕಿಲೋಹರ್ಟ್ಸ್ ಬಳಿ ಚೂಪಾದ ಗೆರೆಯೊಂದು ಕಾಣತೊಡಗಿತು. ತಗಡು ಅನುರಣಿಸುತ್ತಿರಬಹುದೆಂದು ಮೊಳೆಗಳನ್ನು ಬಿಗಿಮಾಡಿದೆ; ಗೆರೆ ಕದಲಲಿಲ್ಲ. ಮೂಲ ಕಡತವನ್ನು ತೆರೆದು ನೋಡಿದಾಗ 5 ಕಿಲೋಹರ್ಟ್ಸ್‌ನಲ್ಲಿ ಏನೂ ಇರಲಿಲ್ಲ. ಗೆರೆ ಇದ್ದದ್ದು 11ರಲ್ಲಿ. ಅದು ಸೌದೆಯ ಸಂದಿನಲ್ಲಿ ಕುಳಿತ ಜೀರುಂಡೆ.

ಸ್ಯಾಂಪಲಿಂಗ್ ದರ 16 ಕಿಲೋಹರ್ಟ್ಸ್ ಆದಾಗ ಅದರ ಅರ್ಧವಾದ 8ಕ್ಕಿಂತ ಮೇಲಿನ ಆವರ್ತನಗಳು ಮಾಯವಾಗುವುದಿಲ್ಲ, ಮಡಿಚಿಕೊಂಡು ಕೆಳಗೆ ಬಂದು ಕೂರುತ್ತವೆ: ಹದಿನಾರರಲ್ಲಿ ಹನ್ನೊಂದನ್ನು ಕಳೆದರೆ ಐದು. ಈ ಮಿತಿಯ ಕುರಿತು ಎಂಜಿನಿಯರ್‌ಗಳಾದ ನೈಕ್ವಿಸ್ಟ್ 1928ರಲ್ಲಿಯೂ ಶಾನನ್ 1949ರಲ್ಲಿಯೂ ಬರೆದದ್ದನ್ನು ನಾನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದೆ. ಆದರೂ ಸ್ಯಾಂಪಲ್‌ಗಳನ್ನು ಬಿಡುವ ಮೊದಲು ಮೇಲಿನ ಆವರ್ತನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಹಾಕಬೇಕೆಂಬುದು ಕೈಗೆ ಬಂದದ್ದು ಈ ಕೀಟದಿಂದ. ಫಿಲ್ಟರ್ ಹಾಕಿದ ಮೇಲೆ ಗೆರೆ ಇಲ್ಲವಾಯಿತು.

ಜುಲೈ 8

ಈ ಸಲದ ದಾಖಲೆಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇಡೀ ಸೆಮಿಸ್ಟರಿನಲ್ಲಿ ನನಗೆ ನಿಜವಾಗಿ ಅರ್ಥವಾದ ಮೊದಲ ಸಂಗತಿ ಇದು ಎನ್ನಿಸುತ್ತದೆ.

ಮಳೆಯ ಸ್ಪೆಕ್ಟ್ರಮ್ ನಯವಾದ ಗುಡ್ಡದಂತೆ ಕಾಣಬೇಕೆಂದು ನಾನು ನಿರೀಕ್ಷಿಸಿದ್ದೆ, ಆದರೆ ಕಾಣುತ್ತಿದ್ದದ್ದು ಮುಳ್ಳುಹಂದಿಯ ಬೆನ್ನು. ಒಂದು ಸೆಕೆಂಡಿನ ಸದ್ದು ಸಾಲದಿರಬಹುದೆಂದು ಹತ್ತು ಸೆಕೆಂಡು ತೆಗೆದುಕೊಂಡೆ, ಬಳಿಕ ಪೂರ್ತಿ ಒಂದು ನಿಮಿಷ. ಮುಳ್ಳುಗಳು ಇನ್ನಷ್ಟು ಒತ್ತಾದವೇ ಹೊರತು ಕುಗ್ಗಲಿಲ್ಲ. ಹೆಚ್ಚು ಮಾಹಿತಿ ಕೊಟ್ಟಷ್ಟೂ ಉತ್ತರ ನಿಖರವಾಗಬೇಕಲ್ಲವೇ ಎಂದು ಪಾಠ ಮಾಡುವ ಮೇಡಂ ಅವರನ್ನು ಕೇಳಿದಾಗ, ಆ ಹೆಚ್ಚಿನ ಮಾಹಿತಿ ಎಲ್ಲಿಗೆ ಹೋಯಿತೆಂದು ನೀನೇ ಲೆಕ್ಕ ಹಾಕು ಎಂದಷ್ಟೇ ಹೇಳಿದರು.

ಲೆಕ್ಕ ಹಾಕಿದೆ. ಧ್ವನಿಮುದ್ರಣ ಉದ್ದವಾದಂತೆ ಎಫ್‌ಎಫ್‌ಟಿ (ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ಕೊಡುವ ಆವರ್ತನದ ಬಿಂದುಗಳ ಸಂಖ್ಯೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ. ಹೊಸದಾಗಿ ಬಂದ ಮಾಹಿತಿಯನ್ನೆಲ್ಲ ಹೊಸ ಬಿಂದುಗಳೇ ಹಂಚಿಕೊಳ್ಳುವುದರಿಂದ ಪ್ರತಿಯೊಂದು ಬಿಂದುವಿನ ಪಾಲಿಗೆ ಮೊದಲಿದ್ದಷ್ಟೇ ಉಳಿಯುತ್ತದೆ. ಮಳೆಯಂತಹ ಯಾದೃಚ್ಛಿಕ ಸದ್ದಿನಲ್ಲಿ ಒಂದು ಬಿಂದುವಿನ ಏರಿಳಿತ ಅದರ ಸರಾಸರಿಯಷ್ಟೇ ದೊಡ್ಡದಿರುತ್ತದೆ, ಎಷ್ಟು ಹೊತ್ತು ಕೇಳಿದರೂ. ಇದಕ್ಕೆ ಪರಿಹಾರವೆಂದರೆ ಉದ್ದದ ಮುದ್ರಣವನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಸ್ಪೆಕ್ಟ್ರಮ್ ತೆಗೆದು, ಅವೆಲ್ಲವುಗಳ ಸರಾಸರಿ ಮಾಡುವುದು. ವೆಲ್ಚ್ 1967ರಲ್ಲಿ ವಿವರಿಸಿದ ವಿಧಾನ ಇದೇ. 1,024 ಸ್ಯಾಂಪಲ್‌ಗಳ ಒಂದು ತುಂಡು ಎಂದರೆ 64 ಮಿಲಿಸೆಕೆಂಡು. ಒಂದು ನಿಮಿಷದಲ್ಲಿ ಅಂತಹ ತುಂಡುಗಳು 937. ಆಗ ಏರಿಳಿತ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಎಂದರೆ 15.6 ಹರ್ಟ್ಸ್‌ಗಿಂತ ಸಮೀಪದ ಎರಡು ಸ್ವರಗಳನ್ನು ಬೇರ್ಪಡಿಸಲಾಗದು. ಮಳೆಯಲ್ಲಿ ಹಾಗೆ ಬೇರ್ಪಡಿಸಬೇಕಾದ ಸ್ವರಗಳಿಲ್ಲ. ಸರಾಸರಿಯ ಚಿತ್ರ ಪರದೆಯ ಮೇಲೆ ಮೂಡಿದಾಗ, ಮಂಜು ಸರಿದು ಎದುರಿನ ಬೆಟ್ಟ ಕಂಡಂತಾಯಿತು.

ತುಂಡುಗಳ ಅಂಚುಗಳನ್ನು ಸೊನ್ನೆಗೆ ಇಳಿಸಲು ಬಳಸಿದ್ದು ಹಾನ್ ವಿಂಡೋ ಎಂಬ ಗಣಿತದ ಸೂತ್ರ. ಆ ಹೆಸರು ಜೂಲಿಯಸ್ ಫಾನ್ ಹಾನ್ ಅವರದು. ಅವರು ಆಸ್ಟ್ರಿಯಾದ ಹವಾಮಾನ ವಿಜ್ಞಾನಿ. ಮಳೆಯ ಲೆಕ್ಕಕ್ಕೆ ಹವಾಮಾನ ತಜ್ಞರೊಬ್ಬರ ಹೆಸರಿನ ಸಾಧನವೇ ಒದಗಿದ್ದು ನನಗೆ ಬಹಳ ಸಂತೋಷ ತಂದಿತು.

ಜುಲೈ 22

ಪುಷ್ಯ ಮಳೆ. ಅಜ್ಜ ಮತ್ತು ನಾನು ಎರಡು ಮಧ್ಯಾಹ್ನ ಕೊಡೆ ಹಿಡಿದು ನಿಂತು ಹದಿನೈದು ನಿಮಿಷಕ್ಕೊಮ್ಮೆ ಮಾಪಕವನ್ನು ಅಳೆದೆವು. ಹನಿಗಳ ಗಾತ್ರ ಬದಲಾಗದೆ ಮಳೆ ಮಾತ್ರ ಇಮ್ಮಡಿಯಾದರೆ ಸದ್ದಿನ ಶಕ್ತಿಯೂ ಇಮ್ಮಡಿಯಾಗಿ 3 ಡೆಸಿಬೆಲ್ ಏರಬೇಕು. ನಮ್ಮ ಅಳತೆಯಲ್ಲಿ ಏರಿಕೆ ಅದಕ್ಕಿಂತ ಹೆಚ್ಚಾಗಿತ್ತು, ಏಕೆಂದರೆ ಮಳೆ ಬಿರುಸಾದಂತೆ ಹನಿಗಳೂ ದಪ್ಪವಾಗುತ್ತವೆ. 2 ಮಿಲಿಮೀಟರ್ ವ್ಯಾಸದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ನೆಲ ಸೇರಿದರೆ, 4 ಮಿಲಿಮೀಟರಿನ ಹನಿ 8.8 ಮೀಟರ್ ವೇಗದಲ್ಲಿ ಬರುತ್ತದೆ. ತೂಕ ಎಂಟು ಪಟ್ಟು ಹೆಚ್ಚಿರುವುದರಿಂದ ಅದರ ಹೊಡೆತದ ಶಕ್ತಿ ಸುಮಾರು ಹದಿನೈದು ಪಟ್ಟು. ಲಾಗರಿದಮ್ ಹಾಳೆಯ ಮೇಲೆ ಬಿಂದುಗಳು ಹೆಚ್ಚು ಕಡಿಮೆ ನೇರ ಗೆರೆಯಲ್ಲಿ ಕುಳಿತಿವೆ.

ಆದರೆ ಮರುದಿನದ ಮೊತ್ತ ಹೊಂದಲಿಲ್ಲ. ಪುಸ್ತಕದಲ್ಲಿ 2 ಇಂಚು 10 ಸೆಂಟು, ನನ್ನ ಲೆಕ್ಕದಲ್ಲಿ 2 ಇಂಚು 65 ಸೆಂಟು. ಗ್ರಾಫನ್ನು ನೋಡಿದ ಅಜ್ಜ ಬೆರಳಿಟ್ಟು ತೋರಿಸಿದರು: "ಇಲ್ಲಿ ನೋಡು ಮಗು, ಐದು ಗಂಟೆಗೇ ಮಳೆ ನಿಂತಿತ್ತು. ನಿನ್ನ ಯಂತ್ರ ಇನ್ನೂ ಸುರೀತಾ ಇದೆ ಅಂತಿದೆ. ಅದು ಮರದ ಹನಿ."

ಕೊಟ್ಟಿಗೆಯ ಮೇಲೆ ಸಿಲ್ವರ್ ಓಕ್ ಕೊಂಬೆಗಳು ಚಾಚಿಕೊಂಡಿವೆ. ಮಳೆ ನಿಂತ ಅರ್ಧ ಗಂಟೆಯ ತನಕ ಎಲೆಗಳಿಂದ ದಪ್ಪ ಹನಿಗಳು ತಗಡಿಗೆ ಬೀಳುತ್ತಲೇ ಇರುತ್ತವೆ.

ಆಗಸ್ಟ್ 3

ಇಂದು ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಯಿಡೀ ಈ ದಿನ ಬೇಯಿಸುವ ಔಷಧೀಯ ಮದ್ದುಸೊಪ್ಪಿನ ಪರಿಮಳ, ಮೇಜಿನ ಮೇಲೆ ಅದರ ನೇರಳೆ ಬಣ್ಣದ ಪಾಯಸ. ಮರದ ಹನಿಯ ಸಮಸ್ಯೆಯೂ ಇಂದೇ ಬಗೆಹರಿದಿದೆ.

ಮೊದಲು ಸ್ಪೆಕ್ಟ್ರಮ್‌ನಿಂದಲೇ ಮಳೆಯನ್ನೂ ಮರದ ಹನಿಯನ್ನೂ ಬೇರ್ಪಡಿಸಲು ಹೊರಟಿದ್ದೆ. ಎರಡರ ಆಕಾರವೂ ಬಹುಮಟ್ಟಿಗೆ ಒಂದೇ ಆಗಿತ್ತು. ಯೋಚಿಸಿದರೆ ಅದು ಸಹಜ. ಹನಿ ಎಲ್ಲಿಂದಲೇ ಬಂದರೂ ಮೊಳಗುವುದು ಅದೇ ತಗಡು, ಆದ್ದರಿಂದ ಸ್ಪೆಕ್ಟ್ರಮ್‌ನಲ್ಲಿ ಕಾಣುವುದು ಬಹುಪಾಲು ತಗಡಿನ ಗುಣ. ಸಾವಿರ ಸಣ್ಣ ಹನಿಗಳೂ ಕೆಲವೇ ದೊಡ್ಡ ಹನಿಗಳೂ ಒಂದೇ ಸರಾಸರಿ ಶಕ್ತಿಯನ್ನು ಕೊಡಬಲ್ಲವು. ವ್ಯತ್ಯಾಸ ಅಡಗಿರುವುದು ಕಾಲದಲ್ಲಿ. ನಿಜವಾದ ಮಳೆಯಲ್ಲಿ ಅಸಂಖ್ಯಾತ ಹೊಡೆತಗಳು ಒಂದರ ಮೇಲೊಂದು ಬಿದ್ದು ಕೂಡಿಕೊಳ್ಳುವುದರಿಂದ, ಸಂಖ್ಯಾಶಾಸ್ತ್ರದ ಕೇಂದ್ರ ಮಿತಿ ಪ್ರಮೇಯದಂತೆ, ಸ್ಯಾಂಪಲ್‌ಗಳ ಹಂಚಿಕೆ ಗಂಟೆಯಂತಹ ಗೌಸಿಯನ್ ಆಕಾರಕ್ಕೆ ಸಮೀಪಿಸುತ್ತದೆ. ಮರದ ಹನಿಯಲ್ಲಾದರೆ ಒಂದು ಢಣ್, ಮತ್ತೆ ಮೌನ, ಇನ್ನೊಂದು ಢಣ್. ಸದ್ದಿನಲ್ಲಿ ಹೀಗೆ ಅಪರೂಪದ ದೊಡ್ಡ ಹೊಡೆತಗಳು ಎಷ್ಟಿವೆ ಎಂಬುದನ್ನು ಅಳೆಯುವ ಸಂಖ್ಯೆ ಕರ್ಟೋಸಿಸ್. ಗೌಸಿಯನ್ ಹಂಚಿಕೆಗೆ ಅದು 3. ಮಳೆಯ ನಿಮಿಷಗಳಲ್ಲಿ ನನಗೆ ಸಿಕ್ಕಿದ್ದು ಮೂರರಿಂದ ನಾಲ್ಕರೊಳಗೆ, ಮರದ ಹನಿಯಲ್ಲಿ ಇಪ್ಪತ್ತಕ್ಕಿಂತ ಮೇಲೆ. ಎಂಟನ್ನು ಮೀರಿದ ನಿಮಿಷಗಳನ್ನು ಕೈಬಿಟ್ಟು ಮತ್ತೆ ಕೂಡಿದಾಗ ಜುಲೈ 22ರ ಮೊತ್ತ 2 ಇಂಚು 18 ಸೆಂಟಿಗೆ ಬಂದು ನಿಂತಿತು. ಬಿಡಿಬಿಡಿಯಾಗಿ ಬೀಳುವ ನಿಜವಾದ ಮಳೆಹನಿಗಳೂ ಈ ಜರಡಿಯಲ್ಲಿ ಸೋರಿಹೋಗುತ್ತವೆ. ಅವುಗಳ ಮೊತ್ತ ಅಲ್ಪವಾದುದರಿಂದ ಸದ್ಯಕ್ಕೆ ಒಪ್ಪಿಕೊಂಡಿದ್ದೇನೆ.

ಇನ್ನೂ ಉಳಿದಿರುವುದು ಸೋನೆ. ನಿನ್ನೆ ಮುಂಜಾನೆ ಮಂಜಿನೊಂದಿಗೆ ಬೆರೆತ ನವಿರಾದ ಸೋನೆ ಮೂರು ಗಂಟೆ ಹಿಡಿದಿತ್ತು; ಅಜ್ಜನ ಗಾಜಿನಲ್ಲಿ 6 ಸೆಂಟು ನೀರಿತ್ತು, ನನ್ನ ಕಡತದಲ್ಲಿ ಸೊನ್ನೆ. ಅಷ್ಟು ಸಣ್ಣ ಹನಿಗಳಿಗೆ ಈ ದಪ್ಪ ತಗಡು ಮೊಳಗುವುದೇ ಇಲ್ಲ. ಮುಂದಿನ ವಾರ ಮರಗಳ ನೆರಳಿಲ್ಲದ ಕಾಫಿ ಕಣದಲ್ಲಿ, ಬಕೆಟಿನ ಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಕಟ್ಟಿ, ಅದರ ಒಳಮೈಗೆ, ಅದುರಿದರೆ ವಿದ್ಯುತ್ ಸಂಕೇತ ಕೊಡುವ ಪೀಝೋ ಬಿಲ್ಲೆಯೊಂದನ್ನು ಅಂಟಿಸಿ ನೋಡಬೇಕು. ಬಿಲ್ಲೆ ಇಂದು ಅಂಚೆಯಲ್ಲಿ ಬಂದಿದೆ. ಬಕೆಟನ್ನು ಅಜ್ಜ ಆಗಲೇ ತೊಳೆದಿಟ್ಟಿದ್ದಾರೆ.